ಹೊರಗೋಡೆಯ ಕೆಲಸಕ್ಕೆ ಮೊದಲು: ಎತ್ತರಕ್ಕೆ ಏರುವ ವ್ಯವಸ್ಥೆಯನ್ನು ಆರಿಸಿ, ಪರೀಕ್ಷಿಸುವ ಬಗೆ

ಬಹುಮಹಡಿ ಕಟ್ಟಡಕ್ಕೆ ಹೊರಗಿನ ಬಣ್ಣ ಬಳಿಸುವ ಕಾಲ ಬಂದಾಗ ನಿವಾಸಿಗಳ ಸಂಘಗಳು ಮೊದಲು ಮಾಡುವ ಕೆಲಸವೆಂದರೆ ಮೂರ್ನಾಲ್ಕು ಗುತ್ತಿಗೆದಾರರಿಂದ ಚದರ ಅಡಿಯ ದರ ತರಿಸುವುದು. ಯಾವ ಕಂಪನಿಯ ಬಣ್ಣ, ಎಷ್ಟು ಕೋಟು, ಎಷ್ಟು ವರ್ಷದ ವಾರಂಟಿ ಎಂಬುದೆಲ್ಲ ಆ ದರಪಟ್ಟಿಯಲ್ಲಿ ವಿವರವಾಗಿರುತ್ತದೆ. ಕೆಲಸಗಾರರು ಎಂಟನೆಯ ಮಹಡಿಯ ಗೋಡೆಯನ್ನು ಹೇಗೆ ಮುಟ್ಟುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ‘ಸಾರುವೆ ಅಥವಾ ಜೂಲಾ (ಹಗ್ಗಕ್ಕೆ ಕಟ್ಟಿ ಇಳಿಬಿಡುವ ಹಲಗೆ) ಸೇರಿದಂತೆ’ ಎಂಬ ಒಂದೇ ಸಾಲಿನ ಉತ್ತರವಿರುತ್ತದೆ. ದರ ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದೂ ಆ ಸಾಲಿಗೇ. ಆದ್ದರಿಂದ ಏರುವ ವ್ಯವಸ್ಥೆ ಯಾವುದೆಂಬುದನ್ನು ದರ ಕರೆಯುವ ಮೊದಲೇ ಕಟ್ಟಡದ ಮಾಲೀಕರು ನಿರ್ಧರಿಸಿಕೊಳ್ಳಬೇಕು ಎಂಬುದು ಈ ಲೇಖನದ ಮುಖ್ಯ ಸಲಹೆ. ಇದನ್ನು ಸಂಘಗಳ ಪದಾಧಿಕಾರಿಗಳು, ಕಟ್ಟಡದ ಮೇಲ್ವಿಚಾರಕರು ಮತ್ತು ಸ್ವಂತ ಕಟ್ಟಡ ಇರುವವರಿಗಾಗಿ ಬರೆಯಲಾಗಿದೆ. ಹಗ್ಗ ಹಿಡಿದು ಇಳಿಯುವ ವಿದ್ಯೆಯನ್ನು ಓದಿ ಕಲಿಯಲಾಗದು. ಇಳಿಯುವವರಿಗೆ ಒದಗಿಸಿದ ವ್ಯವಸ್ಥೆ ಸರಿಯಿದೆಯೇ ಎಂದು ನೋಡುವುದನ್ನು ಕಲಿಯಬಹುದು.

ಹಂತ 1: ಕಟ್ಟಡವನ್ನು ಸುತ್ತಿ ನೋಡಿ, ತಾರಸಿಯನ್ನು ಹತ್ತಿ ನೋಡಿ

ಕಟ್ಟಡದ ನಾಲ್ಕೂ ಮುಖಗಳನ್ನು ಪ್ರತ್ಯೇಕ ಕೆಲಸಗಳೆಂದು ಭಾವಿಸಿ ಪಟ್ಟಿ ಮಾಡಿಕೊಳ್ಳಿ. ಒಂದು ಮುಖ ನೇರವಾಗಿ ಸಪಾಟಾಗಿದ್ದರೆ ಇನ್ನೊಂದರಲ್ಲಿ ಬಾಲ್ಕನಿ, ಸಜ್ಜ, ಎಸಿ ಯಂತ್ರದ ಹೊರಘಟಕಗಳು ಮುಂಚಾಚಿರುತ್ತವೆ. ಮೂರನೆಯದಕ್ಕೂ ಪಕ್ಕದ ಮನೆಯ ಕಾಂಪೌಂಡಿಗೂ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಮಾತ್ರ ಜಾಗವಿರಬಹುದು. ಪ್ರತಿ ಮುಖದ ಎತ್ತರ, ಅದರ ಬುಡದಲ್ಲಿರುವ ಜಾಗದ ಅಗಲ ಮತ್ತು ಆ ನೆಲದ ಗುಣವನ್ನು ಬರೆದುಕೊಳ್ಳಿ. ನೆಲದ ಗುಣ ಎಂದಾಗ ಮೇಲೆ ಕಾಣುವ ಟೈಲ್ಸನ್ನಷ್ಟೇ ನೋಡಿದರೆ ಸಾಲದು. ಕೆಳಗೆ ನೀರಿನ ಸಂಪು, ಕೊಳಚೆ ನೀರಿನ ತೊಟ್ಟಿ ಅಥವಾ ನೆಲಮಾಳಿಗೆಯ ಪಾರ್ಕಿಂಗ್ ಇದೆಯೇ ಎಂಬುದು ಇಲ್ಲಿ ಮುಖ್ಯ. ಉದ್ದನೆಯ ತೋಳಿನ ತುದಿಯ ಬುಟ್ಟಿಯಲ್ಲಿ ಆಳನ್ನು ಎತ್ತುವ ಬೂಮ್ ಲಿಫ್ಟಿನಂಥ ಯಂತ್ರದ ತೂಕ 10 ಟನ್ ದಾಟಬಹುದಾದ್ದರಿಂದ ನೆಲಮಾಳಿಗೆಯ ಮೇಲಿನ ಸ್ಲ್ಯಾಬು ಅದನ್ನು ಹೊರುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಬರವಣಿಗೆಯಲ್ಲಿ ಹೇಳದ ಹೊರತು ಅದನ್ನು ಒಳಗೆ ಬಿಡಬಾರದು.

ವಿದ್ಯುತ್ ತಂತಿಗಳನ್ನು ಪಟ್ಟಿಯಲ್ಲಿ ಬೇರೆಯಾಗಿ ಗುರುತಿಸಿ. 11 ಕಿಲೋವೋಲ್ಟ್ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರವಿರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳು ಹೇಳುತ್ತವೆ. ಆದರೆ ಅದು ಕದಲದೆ ನಿಂತ ಗೋಡೆಗೆ ಹೇಳಿದ ಅಂತರ. ಆರು ಮೀಟರ್ ಉದ್ದದ ಕಬ್ಬಿಣದ ಪೈಪನ್ನು ಎತ್ತಿ ತಿರುಗಿಸುವ ಕೆಲಸಗಾರನಿಗೆ ಅದು ಏನೇನೂ ಸಾಲದು. ತಂತಿ ಹತ್ತಿರವಿದ್ದರೆ ಬೆಸ್ಕಾಂ, ಮೆಸ್ಕಾಂ ಅಥವಾ ನಿಮ್ಮ ಪ್ರದೇಶದ ಕಂಪನಿಗೆ ಮೊದಲೇ ಅರ್ಜಿ ಕೊಟ್ಟು, ಆ ಭಾಗದ ಕೆಲಸದ ಹೊತ್ತಿಗೆ ಲೈನ್ ಕ್ಲಿಯರ್ (ತಂತಿಯಲ್ಲಿ ವಿದ್ಯುತ್ ನಿಲ್ಲಿಸಿದ ಖಾತ್ರಿ) ಪಡೆದುಕೊಳ್ಳಿ.

ಆಮೇಲೆ ತಾರಸಿ. ಮೇಲಿನಿಂದ ಇಳಿಯುವ ಯಾವುದೇ ವ್ಯವಸ್ಥೆಯ ಜೀವ ತಾರಸಿಯಲ್ಲಿರುತ್ತದೆ. ಅಲ್ಲಿ ಕಣ್ಣಿಗೆ ಗಟ್ಟಿಯಾಗಿ ಕಾಣುವ ವಸ್ತುಗಳೆಲ್ಲ ಆಧಾರಕ್ಕೆ ಯೋಗ್ಯವಲ್ಲ. ನಾಲ್ಕಿಂಚಿನ ಬ್ಲಾಕಿನಿಂದ ಕಟ್ಟಿ ಗಾರೆ ಮಾಡಿದ ಪ್ಯಾರಪೆಟ್, ಸೋಲಾರ್ ಹೀಟರಿನ ಸ್ಟ್ಯಾಂಡು, ನೀರಿನ ಪೈಪು, ತೊಟ್ಟಿಯ ಏಣಿ, ಡಿಶ್ ಆಂಟೆನಾದ ಕಂಬ ಇವುಗಳಿಗೆ ಹಗ್ಗ ಕಟ್ಟುವುದನ್ನು ನೀವು ಎಷ್ಟೋ ಕಡೆ ನೋಡಿರಬಹುದು. ಇವುಗಳಲ್ಲಿ ಒಂದೂ ಬೀಳುತ್ತಿರುವ ಮನುಷ್ಯನ ಎಳೆತವನ್ನು ತಡೆಯಲೆಂದು ನಿರ್ಮಿಸಿದ್ದಲ್ಲ. ಲಿಫ್ಟ್ ಕೋಣೆಯ ಕಾಂಕ್ರೀಟು ಕಾಲಮ್ಮು, ತೊಟ್ಟಿಯನ್ನು ಹೊತ್ತ ತೊಲೆ, ಸ್ಲ್ಯಾಬಿನಿಂದ ಎದ್ದ ಕಾಲಮ್ಮಿನ ತುಂಡು ಮುಂತಾದ ಕಟ್ಟಡದ ಮೂಲ ಅಂಗಗಳನ್ನು ಎಂಜಿನಿಯರ್ ಜೊತೆ ನಿಂತು ಗುರುತಿಸಿ, ಬಣ್ಣದಿಂದ ಸಂಖ್ಯೆ ಬರೆದು, ತಾರಸಿಯ ನಕ್ಷೆಯ ಮೇಲೂ ದಾಖಲಿಸಿ.

ಇಷ್ಟೆಲ್ಲ ಮಾಡುವಾಗ ಒಂದು ಪ್ರಶ್ನೆಯನ್ನು ಮರೆಯಬಾರದು: ಈ ಕೆಲಸಕ್ಕೆ ಹೊರಗೆ ಹೋಗಲೇಬೇಕೆ? ಬ್ರಿಟನ್ನಿನ 2005ರ ಎತ್ತರದ ಕೆಲಸದ ನಿಯಮಗಳು ಇದನ್ನೇ ಮೊದಲ ಮೆಟ್ಟಿಲಾಗಿ ಇಟ್ಟಿವೆ. ಎತ್ತರದ ಕೆಲಸವನ್ನು ತಪ್ಪಿಸಲಾದರೆ ತಪ್ಪಿಸು, ಆಗದಿದ್ದರೆ ಬೀಳದಂತೆ ತಡೆ, ಅದೂ ಆಗದಿದ್ದರೆ ಬಿದ್ದಾಗಿನ ಹಾನಿಯನ್ನು ಕಡಿಮೆ ಮಾಡು ಎಂಬುದು ಅವುಗಳ ಅನುಕ್ರಮ. ಬಿರುಕು ಹುಡುಕಲು ಡ್ರೋನಿನ ಚಿತ್ರ ಸಾಕಾಗಬಹುದು. ಕೆಳಮಹಡಿಗಳ ಗಾಜನ್ನು ಉದ್ದನೆಯ ಕೋಲಿನ ಬ್ರಷ್ಷಿನಿಂದ ನೆಲದಲ್ಲೇ ನಿಂತು ತೊಳೆಯಬಹುದು. ಎಸಿಯ ಹೊರಘಟಕವನ್ನು ಮುಂದಿನ ಬಾರಿ ಬಾಲ್ಕನಿಯ ಒಳಗೆ ಕೂರಿಸಿದರೆ ಮೆಕ್ಯಾನಿಕ್ಕು ಸಜ್ಜದ ಮೇಲೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ. ಸಜ್ಜ ಇರುವುದು ಮಳೆ ತಡೆಯುವುದಕ್ಕೆ, ಆಳು ನಿಲ್ಲುವುದಕ್ಕಲ್ಲ ಎಂಬ ಮಾತನ್ನು ಸಂಘದ ನಿಯಮಗಳಲ್ಲಿ ಸೇರಿಸುವುದು ಒಳ್ಳೆಯದು.

ಹಂತ 2: ಯಾವ ಮುಖಕ್ಕೆ ಯಾವ ವ್ಯವಸ್ಥೆ

ಏಣಿ ಹತ್ತಿ ಇಳಿಯುವ ಸಾಧನ. ಅದರ ಮೇಲೆ ನಿಂತು ದಿನವಿಡೀ ಕೆಲಸ ಮಾಡುವಂತಿಲ್ಲ. ಕೆಲವೇ ನಿಮಿಷದ ಕೆಲಸಕ್ಕೆ ಬಳಸುವಾಗಲೂ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಗೋಡೆಯಿಂದ ದೂರವಿಟ್ಟು, ಮೇಲ್ತುದಿಯನ್ನು ಕಟ್ಟಿರಬೇಕು.

ಮೂರು ನಾಲ್ಕು ಮಹಡಿಯವರೆಗಿನ ಕಟ್ಟಡಕ್ಕೆ, ಅದರಲ್ಲೂ ಗಾರೆ ಕೆತ್ತಿ ಹೊಸದಾಗಿ ಮಾಡುವ ಕೆಲಸವಿದ್ದರೆ, ಉಕ್ಕಿನ ಪೈಪಿನ ಅಥವಾ ಕಪ್‌ಲಾಕ್ (ಬಟ್ಟಲಿನಾಕಾರದ ಕೊಂಡಿಗಳಿಂದ ಪೈಪುಗಳನ್ನು ಜೋಡಿಸುವ) ಸಾರುವೆಗಿಂತ ಒಳ್ಳೆಯ ವ್ಯವಸ್ಥೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕೆಲಸಗಾರನಿಗೆ ಕಾಲ ಕೆಳಗೆ ಹಲಗೆಯೂ ಬೆನ್ನ ಹಿಂದೆ ಕಟಕಟೆಯೂ ಇರುತ್ತವೆ. ಸರ್ವೆ ಗಳಗಳನ್ನು ತೆಂಗಿನ ಹಗ್ಗದಿಂದ ಬಿಗಿದ ಸಾರುವೆ ಇಂದಿಗೂ ನಮ್ಮ ಊರುಗಳಲ್ಲಿ ಕಾಣುತ್ತದೆ. ನುರಿತ ಕೈ ಕಟ್ಟಿದರೆ ಅದು ಎರಡು ಮಹಡಿಗೆ ನಿಲ್ಲುತ್ತದೆ, ನಿಜ. ಆದರೆ ಒದ್ದೆಯಾಗಿ ಒಣಗಿದ ಹಗ್ಗದ ಬಿಗಿಯನ್ನು ಅಳೆದು ಹೇಳುವ ಬಗೆಯಿಲ್ಲವಾದ್ದರಿಂದ ಅದಕ್ಕಿಂತ ಎತ್ತರಕ್ಕೆ ಒಪ್ಪಬೇಡಿ.

ಎತ್ತರವಾದ, ಸಪಾಟಾದ ಮುಖಕ್ಕೆ ತಾರಸಿಯಿಂದ ತೂಗುಬಿಡುವ ವಿದ್ಯುತ್ ಚಾಲಿತ ಗೊಂಡೋಲ ಹೊಂದುತ್ತದೆ. ಬಾಲ್ಕನಿಗಳು ಹೆಚ್ಚಾಗಿ ಚಾಚಿರುವ ಮುಖಕ್ಕೆ ಗೊಂಡೋಲ ಒಗ್ಗುವುದಿಲ್ಲ. ಗೋಡೆಯಿಂದ ದೂರ ತೂಗುವ ತೊಟ್ಟಿಲಿನಿಂದ ಆಳು ಬಾಗಿ ಕೈಚಾಚಬೇಕಾಗುತ್ತದೆ. ಒಂದೆರಡು ದಿನದ ಕೆಲಸವಿದ್ದು, ಗಟ್ಟಿ ನೆಲವೂ ಇದ್ದರೆ ಬೂಮ್ ಲಿಫ್ಟ್ ಬಾಡಿಗೆಗೆ ತರುವುದು ಲೇಸು. ಪೈಪಿನ ಸೋರಿಕೆ, ಗಾಜು ತೊಳೆಯುವುದು, ಬಿರುಕು ಮುಚ್ಚುವುದು ಮುಂತಾದ ಹಗುರ ಕೆಲಸಕ್ಕೆ, ಸಾರುವೆಗೂ ಗೊಂಡೋಲಕ್ಕೂ ಜಾಗವಿಲ್ಲದ ಮೂಲೆಗಳಿಗೆ ತರಬೇತಿ ಪಡೆದವರ ಎರಡು ಹಗ್ಗದ ಪದ್ಧತಿ ಸರಿಹೋಗುತ್ತದೆ.

ಒಂದೇ ಹಗ್ಗಕ್ಕೆ ಮರದ ಹಲಗೆ ಕಟ್ಟಿ, ಅದರ ಮೇಲೆ ಆಳನ್ನು ಕೂರಿಸಿ ಇಳಿಬಿಡುವ ಜೂಲಾ ಈ ಪಟ್ಟಿಯಲ್ಲಿ ಇಲ್ಲ. ಎಷ್ಟು ಅಗ್ಗವಾದರೂ, ಕೂರುವವನು ಎಷ್ಟು ವರ್ಷದ ಅನುಭವಿಯಾದರೂ, ಅದಕ್ಕೆ ಅನುಮತಿ ಕೊಡಬಾರದು. ಆ ಹಗ್ಗ ಹರಿದರೆ ಹಿಡಿಯಲು ಎರಡನೆಯದು ಇರುವುದಿಲ್ಲ.

ಹಂತ 3: ದರವನ್ನು ಎರಡು ಭಾಗವಾಗಿ ಕೇಳಿ

ಬಣ್ಣದ ದರವನ್ನೂ ಏರುವ ವ್ಯವಸ್ಥೆಯ ದರವನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಹೀಗೆ ಮಾಡಿದಾಗ ಮೂವರು ಗುತ್ತಿಗೆದಾರರು ಒಂದೇ ವ್ಯವಸ್ಥೆಗೆ ಎಷ್ಟೆಷ್ಟು ಕೇಳುತ್ತಿದ್ದಾರೆಂಬುದು ಹೋಲಿಕೆಗೆ ಸಿಗುತ್ತದೆ. ಚೌಕಾಸಿ ಮಾಡುವಾಗ ಸುರಕ್ಷತೆಯ ಭಾಗವನ್ನು ಮುಟ್ಟದೆ ಉಳಿದದ್ದರ ಬಗ್ಗೆ ಮಾತಾಡುವುದೂ ಸಾಧ್ಯವಾಗುತ್ತದೆ. ಕರಾರಿನಲ್ಲಿ ಭಾರತೀಯ ಮಾನಕಗಳ ಹೆಸರು ಹಾಕಿಸಿ: ಸಾರುವೆಗೆ ಐಎಸ್ 3696ರ ಮೊದಲ ಭಾಗ, ಏಣಿಗೆ ಅದರ ಎರಡನೆಯ ಭಾಗ, ಬೆಲ್ಟು ಮತ್ತು ಹಾರ್ನೆಸ್‌ಗೆ (ಮೈಯನ್ನು ಸುತ್ತುವ ರಕ್ಷಾಪಟ್ಟಿಗೆ) ಐಎಸ್ 3521, ಹೆಲ್ಮೆಟ್ಟಿಗೆ ಐಎಸ್ 2925. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಏಳನೆಯ ಭಾಗವೂ ನಿರ್ಮಾಣ ಕೆಲಸದ ಸುರಕ್ಷತೆಯನ್ನು ಕುರಿತದ್ದೇ.

ದುರಸ್ತಿ, ನಿರ್ವಹಣೆಗಳೂ 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆಯ ವ್ಯಾಖ್ಯೆಯಲ್ಲಿ ಸೇರಿದ್ದವು. ಆ ಕಾಯ್ದೆಯ ವಿಷಯವನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಒಳಗೊಂಡಿದೆ. ‘ಬರೀ ಬಣ್ಣದ ಕೆಲಸ, ಕಾನೂನೇನೂ ಅನ್ವಯಿಸುವುದಿಲ್ಲ’ ಎಂಬ ಗುತ್ತಿಗೆದಾರನ ಮಾತನ್ನು ಅದರಿಂದಾಗಿ ನಂಬಬೇಡಿ. ಕಾರ್ಮಿಕರ ವಿಮೆಯ ಪತ್ರವನ್ನು ಕೈಗೆ ತೆಗೆದುಕೊಂಡು ಓದಿ. ಅದರಲ್ಲಿ ಎಷ್ಟು ಜನರಿಗೆ ರಕ್ಷಣೆಯಿದೆ, ಯಾವ ದಿನಾಂಕದವರೆಗೆ ಇದೆ, ಎತ್ತರದ ಕೆಲಸಕ್ಕೆ ಮಿತಿ ಹಾಕಲಾಗಿದೆಯೇ ಎಂಬ ಮೂರು ಅಂಶಗಳನ್ನು ನೋಡಬೇಕು.

ಹಂತ 4: ಸಾರುವೆಯನ್ನು ಬುಡದಿಂದ ಮೇಲಕ್ಕೆ ನೋಡಿ

ಕಂಬಗಳ ಬುಡದಲ್ಲಿ ಲೋಹದ ಬೇಸ್ ಪ್ಲೇಟು, ಮಣ್ಣಿನ ನೆಲವಾದರೆ ಅದರ ಕೆಳಗೆ ಅಗಲವಾದ ಮರದ ದಿಮ್ಮಿ ಇರಬೇಕು. ಇಟ್ಟಿಗೆ, ಒಡೆದ ಟೈಲ್ಸು, ಬಣ್ಣದ ಡಬ್ಬಿಗಳನ್ನು ಕೊಟ್ಟು ಎತ್ತರ ಸರಿಮಾಡಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಮುಂದೆ, ಸಾರುವೆ ತಾನಾಗಿ ನಿಂತಿದೆಯೋ ಕಟ್ಟಡವನ್ನು ಹಿಡಿದು ನಿಂತಿದೆಯೋ ಎಂದು ಪರೀಕ್ಷಿಸಿ. ಸಾರುವೆಯನ್ನು ಗೋಡೆಗೆ ಬಿಗಿಯುವ ಟೈಗಳು ಎತ್ತರದಲ್ಲಿ ಸುಮಾರು ನಾಲ್ಕು ಮೀಟರಿಗೊಮ್ಮೆಯಾದರೂ ಬರಬೇಕು. ಕಿಟಕಿಯ ಗ್ರಿಲ್ಲಿಗೆ ಬೈಂಡಿಂಗ್ ವೈರಿನಿಂದ ಕಟ್ಟಿದ್ದು ಟೈ ಎನಿಸಿಕೊಳ್ಳುವುದಿಲ್ಲ. ಹೊರಮುಖದಲ್ಲಿ ಓರೆಯಾಗಿ ಹಾಯುವ ಬ್ರೇಸಿಂಗ್ ಪೈಪುಗಳು ಇಲ್ಲದ ಸಾರುವೆ ನೋಡಲು ನೆಟ್ಟಗಿದ್ದರೂ ಪಕ್ಕಕ್ಕೆ ವಾಲಬಲ್ಲದು.

ಕೆಲಸ ನಡೆಯುವ ಮಟ್ಟದಲ್ಲಿ ಹಲಗೆಗಳು ಪೂರ್ತಿ ಅಗಲಕ್ಕೆ ಹಾಸಿ ಕಟ್ಟಿರಬೇಕು. ಸುಮಾರು ಒಂದು ಮೀಟರ್ ಎತ್ತರಕ್ಕೆ ಕಟಕಟೆ, ಅದರ ನಡುವೆ ಇನ್ನೊಂದು ಅಡ್ಡಪಟ್ಟಿ, ಬುಡದಲ್ಲಿ 150 ಮಿಲಿಮೀಟರಿನ ಅಂಚುಪಟ್ಟಿ ಇರಬೇಕು. ಅಂಚುಪಟ್ಟಿಯನ್ನು ಅನೇಕರು ಅನಗತ್ಯ ಎನ್ನುತ್ತಾರೆ. ಹಲಗೆಯ ಮೇಲಿಟ್ಟ ಸುತ್ತಿಗೆ ಕಾಲು ತಾಗಿ ಕೆಳಗೆ ಉರುಳದಂತೆ ತಡೆಯುವುದು ಅದೊಂದೇ. ಮೇಲೆ ಹೋಗಲು ಒಳಗಡೆಯೇ ಏಣಿಯಿರಬೇಕು. ಅಡ್ಡಪೈಪುಗಳನ್ನು ಹಿಡಿದು ಕೋತಿಯಂತೆ ಹತ್ತುವ ಅಭ್ಯಾಸ ಎಲ್ಲೆಲ್ಲೂ ಇದೆ, ಅದನ್ನು ಮೊದಲ ದಿನವೇ ತಡೆಯದಿದ್ದರೆ ಎರಡನೆಯ ದಿನ ತಡೆಯಲಾಗುವುದಿಲ್ಲ. ವಾರಕ್ಕೊಮ್ಮೆ, ಹಾಗೆಯೇ ಪ್ರತಿ ಜೋರು ಮಳೆಗಾಳಿಯ ನಂತರ, ಕಟ್ಟಿದ ಮೇಸ್ತ್ರಿಯೇ ಪರೀಕ್ಷಿಸಿ ಸಹಿ ಮಾಡಿದ ಹಸಿರು ಚೀಟಿಯನ್ನು ಏಣಿಯ ಬಳಿ ತೂಗುಹಾಕಲಿ. ಚೀಟಿ ಇಲ್ಲದ ಸಾರುವೆಗೆ ಯಾರೂ ಹತ್ತಕೂಡದು.

ಹಂತ 5: ಗೊಂಡೋಲ

ಬಾಡಿಗೆಗೆ ಸಿಗುವ ಗೊಂಡೋಲಗಳಲ್ಲಿ ಝಡ್‌ಎಲ್‌ಪಿ 630 ಎಂಬ ಮಾದರಿ ಬಹಳ ಸಾಮಾನ್ಯ. ಆರು ಮೀಟರ್ ಉದ್ದದ ತೊಟ್ಟಿಲು, ಎರಡು ತುದಿಗೆ ಒಂದೊಂದು ಮೋಟಾರು, ಸುಮಾರು 8.3 ಮಿಲಿಮೀಟರ್ ದಪ್ಪದ ವೈರ್ ರೋಪ್, ಹೊರಬಲ್ಲ ಭಾರ 630 ಕಿಲೋಗ್ರಾಂ ಎಂಬುದು ಅದರ ಸ್ಥೂಲ ಪರಿಚಯ. ಯಂತ್ರಕ್ಕಿಂತ ಹೆಚ್ಚು ಅಪಾಯವಿರುವುದು ತಾರಸಿಯ ಮೇಲೆ ಅದನ್ನು ಹಿಡಿದಿಟ್ಟ ಎರಡು ತೊಲೆಗಳಲ್ಲಿ. ತೊಲೆಯ ಮುಂಭಾಗ ಪ್ಯಾರಪೆಟ್ಟಿನಾಚೆ ಚಾಚಿ ತೊಟ್ಟಿಲನ್ನು ಹೊರುತ್ತದೆ, ಹಿಂಭಾಗದಲ್ಲಿ 25 ಕಿಲೋಗ್ರಾಮಿನ ಕೌಂಟರ್ ವೇಟ್ ತುಂಡುಗಳನ್ನು ಪೇರಿಸಿರುತ್ತಾರೆ. ಈ ತುಂಡುಗಳ ಲೆಕ್ಕವನ್ನು ಮಾಡಬೇಕಾದವರು ಎಂಜಿನಿಯರರೇ, ಆದರೂ ಅದನ್ನು ಸರಿನೋಡುವುದು ಯಾರಿಗಾದರೂ ಸಾಧ್ಯ.

ಒಂದು ತೊಲೆಯ ಮೇಲೆ ಬೀಳಬಹುದಾದ ಗರಿಷ್ಠ ಭಾರ 600 ಕಿಲೋಗ್ರಾಂ ಎಂದುಕೊಳ್ಳೋಣ. ಆಳುಗಳು ಒಂದೇ ತುದಿಗೆ ಸರಿದಾಗ ಆ ಬದಿಯ ತೊಲೆಗೆ ಅರ್ಧಕ್ಕಿಂತ ಹೆಚ್ಚು ಭಾರ ಬೀಳುತ್ತದೆ ಎಂಬುದನ್ನು ಇದರಲ್ಲಿ ಸೇರಿಸಿರಬೇಕು. ಮುಂದಿನ ಆಧಾರದಿಂದ ತೊಟ್ಟಿಲು ತೂಗುವ ಜಾಗಕ್ಕೆ 1.2 ಮೀಟರ್ ಇದ್ದರೆ, ಮಗುಚಿಸುವ ಬಲ 600 ಗುಣಿಸು 1.2, ಅಂದರೆ 720 ಕಿಲೋಗ್ರಾಂ-ಮೀಟರ್. ಯುರೋಪಿನ ಮಾನಕ ಕೇಳುವ ಮೂರು ಪಟ್ಟು ಭದ್ರತೆಯನ್ನು ಇಟ್ಟುಕೊಂಡರೆ 2,160. ಮುಂದಿನ ಆಧಾರದಿಂದ ತೂಕದ ತುಂಡುಗಳಿರುವ ಜಾಗಕ್ಕೆ 4.2 ಮೀಟರ್ ಇದ್ದರೆ, 2,160ನ್ನು 4.2ರಿಂದ ಭಾಗಿಸಿದಾಗ 514 ಕಿಲೋಗ್ರಾಂ ಬರುತ್ತದೆ. ಹಾಗಾಗಿ ಆ ಒಂದು ತೊಲೆಗೆ 21 ತುಂಡುಗಳು ಬೇಕು. ತಾರಸಿಯಲ್ಲಿ ಅಡ್ಡಿಯಿದೆಯೆಂದು ತೊಲೆಯ ಹಿಂಭಾಗವನ್ನು 3 ಮೀಟರಿಗೆ ಇಳಿಸಿದರೆ ಅದೇ ಭಾರಕ್ಕೆ 720 ಕಿಲೋಗ್ರಾಂ, ಅಂದರೆ 29 ತುಂಡುಗಳು ಬೇಕಾಗುತ್ತವೆ. ಗೊಂಡೋಲವನ್ನು ಒಂದು ಮುಖದಿಂದ ಇನ್ನೊಂದಕ್ಕೆ ಸ್ಥಳಾಂತರಿಸಿದಾಗಲೆಲ್ಲ ಈ ಅಳತೆಗಳು ಬದಲಾಗುತ್ತವೆ, ಹೊಸ ಲೆಕ್ಕ ಮಾಡದೆ ಹಳೆಯ ತುಂಡುಗಳನ್ನೇ ಒಯ್ದಿಟ್ಟರೆ ಸಾಲದೆ ಹೋಗಬಹುದು. ತುಂಡುಗಳ ಬದಲು ಮರಳಿನ ಚೀಲ ಅಥವಾ ನೀರಿನ ಡ್ರಮ್ ಇಟ್ಟರೆ ಒಪ್ಪಬೇಡಿ. ಚೀಲ ಹರಿಯುತ್ತದೆ, ಡ್ರಮ್ ಸೋರುತ್ತದೆ. ತುಂಡುಗಳನ್ನು ಯಾರೂ ಎತ್ತಿಕೊಂಡು ಹೋಗದಂತೆ ಸರಳು ತೂರಿಸಿ ಬೀಗ ಹಾಕಿರಬೇಕು.

ವೈರ್ ರೋಪನ್ನು ಹಗಲು ಬೆಳಕಿನಲ್ಲಿ ಪೂರ್ತಿ ಉದ್ದಕ್ಕೂ ನೋಡಿ. ಎಳೆ ಕಿತ್ತು ಮುಳ್ಳಿನಂತೆ ಎದ್ದಿರುವುದು, ಮಡಿಕೆ ಬಿದ್ದು ನೇರವಾಗದಿರುವುದು, ಹಕ್ಕಿಗೂಡಿನಂತೆ ಉಬ್ಬಿರುವುದು, ತುಕ್ಕು ಇವುಗಳಲ್ಲಿ ಯಾವುದು ಕಂಡರೂ ರೋಪ್ ಬದಲಾಗಬೇಕು. ಮಂಗಳೂರು, ಕಾರವಾರದಂಥ ಕಡಲ ಊರುಗಳಲ್ಲಿ ಉಪ್ಪಿನ ಗಾಳಿಗೆ ಉಕ್ಕು ಬೇಗ ತಿನ್ನಿಸಿಕೊಳ್ಳುವುದರಿಂದ ಅಲ್ಲಿ ಇದನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡಬೇಕು. ರೋಪಿನ ತುದಿಯ ಕುಣಿಕೆಗೆ ಕನಿಷ್ಠ ಮೂರು ಯು ಕ್ಲಿಪ್ಪುಗಳಿರಬೇಕು ಮತ್ತು ಮೂರರ ತಡಿಯೂ (ಬೋಲ್ಟಿಗೆ ಎದುರಿನ ಲೋಹದ ತುಂಡು) ಭಾರ ಹೊರುವ ಎಳೆಯ ಮೇಲೆಯೇ ಕೂತಿರಬೇಕು. ಯು ಆಕಾರದ ಬೋಲ್ಟು ಆ ಎಳೆಯನ್ನು ಒತ್ತುತ್ತಿದ್ದರೆ ಕ್ಲಿಪ್ ತಿರುವುಮುರುವಾಗಿದೆ ಎಂದರ್ಥ. ಪ್ರತಿ ಬದಿಯಲ್ಲೂ ಎರಡು ವೈರ್ ರೋಪ್ ಇಳಿದಿರುತ್ತವೆ: ಒಂದು ಎತ್ತುವುದಕ್ಕೆ, ಇನ್ನೊಂದು ಸೇಫ್ಟಿ ಲಾಕಿಗೆ. ಪ್ರತಿದಿನ ಬೆಳಿಗ್ಗೆ ತೊಟ್ಟಿಲನ್ನು ನೆಲದಿಂದ ಒಂದು ಮೀಟರ್ ಎತ್ತಿ, ಒಂದು ಬದಿಯನ್ನು ಮಾತ್ರ ಇಳಿಸಿ ಓರೆ ಮಾಡಿದಾಗ ಆ ಲಾಕು ಕಚ್ಚುತ್ತದೆಯೇ ಎಂದು ನೋಡಲೇಬೇಕು. ಮೇಲಿನ ಮಿತಿ ಸ್ವಿಚ್, ತುರ್ತು ನಿಲುಗಡೆ ಗುಂಡಿ, ಕರೆಂಟು ಹೋದಾಗ ಕೈಯಿಂದ ಇಳಿಸುವ ಸನ್ನೆ ಇವುಗಳ ಪರೀಕ್ಷೆಯೂ ಆಗಲೇ ಆಗಲಿ.

ಇನ್ನು ತೊಟ್ಟಿಲಿನಲ್ಲಿರುವ ಪ್ರತಿಯೊಬ್ಬನಿಗೂ ತಾರಸಿಯಲ್ಲಿ ಬೇರೆ ಆಧಾರಕ್ಕೆ ಕಟ್ಟಿದ ಬೇರೆ ಲೈಫ್‌ಲೈನ್ ಹಗ್ಗವಿದ್ದು, ಅದರ ಮೇಲೆ ರೋಪ್ ಗ್ರ್ಯಾಬ್ (ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿಯುವ ಸಾಧನ) ಓಡಾಡುತ್ತಿರಬೇಕು. ಗೊಂಡೋಲದ ತೊಲೆಗೇ ಲೈಫ್‌ಲೈನ್ ಕಟ್ಟಿದರೆ ತೊಲೆ ಮಗುಚಿದಾಗ ಅದೂ ಜೊತೆಗೇ ಬರುತ್ತದೆ.

ಹಂತ 6: ಎರಡು ಹಗ್ಗದ ಪದ್ಧತಿ

ಹಗ್ಗದ ಮೇಲೆ ಕೆಲಸ ಮಾಡುವ ಉದ್ಯಮದವರ ಸಂಘವಾಗಿ ಬ್ರಿಟನ್ನಿನಲ್ಲಿ ಹುಟ್ಟಿದ ಇರಾಟಾ ಸಂಸ್ಥೆ ರೂಪಿಸಿದ ಪದ್ಧತಿಯಲ್ಲಿ ಕೆಲಸಗಾರ ಒಂದು ಹಗ್ಗದ ಮೇಲೆ ಇಳಿಯುತ್ತಾನೆ, ಎರಡನೆಯ ಹಗ್ಗದ ಮೇಲೆ ಬ್ಯಾಕಪ್ ಸಾಧನ ಅವನನ್ನು ಹಿಂಬಾಲಿಸುತ್ತದೆ, ಎರಡಕ್ಕೂ ಬೇರೆ ಬೇರೆ ಆಧಾರಗಳಿರುತ್ತವೆ. ಅದರಲ್ಲಿ ಮೂರು ಹಂತದ ಅರ್ಹತೆಗಳಿದ್ದು, ಮೂರನೆಯ ಹಂತದವರು ಸ್ಥಳದಲ್ಲಿ ಮೇಲ್ವಿಚಾರಣೆ ಮಾಡಬೇಕು. ಗುತ್ತಿಗೆದಾರ ತೋರಿಸುವ ಪ್ರಮಾಣಪತ್ರದ ಮುಕ್ತಾಯದ ದಿನಾಂಕವನ್ನೂ, ಅದರಲ್ಲಿರುವ ಮುಖವೂ ತಾರಸಿಯ ಮೇಲಿರುವ ಮುಖವೂ ಒಂದೇ ಎಂಬುದನ್ನೂ ನೋಡಿ.

ಹಗ್ಗದ ಶತ್ರು ಅಂಚು. ಪ್ಯಾರಪೆಟ್ಟಿನ ಮೂಲೆ, ಗ್ರಾನೈಟಿನ ಅಂಚು, ಎಸಿ ಸ್ಟ್ಯಾಂಡಿನ ಕಬ್ಬಿಣ ಎಲ್ಲೆಲ್ಲಿ ಹಗ್ಗಕ್ಕೆ ತಾಗುತ್ತವೆಯೋ ಅಲ್ಲೆಲ್ಲ ರಕ್ಷಾಕವಚ ಹಾಕಬೇಕು. ರಾಸಾಯನಿಕವೂ ಹಗ್ಗವನ್ನು ಕೊಲ್ಲುತ್ತದೆ. ಗೋಡೆಯ ಸಿಮೆಂಟು ಕಲೆ ತೆಗೆಯಲು ಆಸಿಡ್ ಬಳಸುವ ರೂಢಿಯಿದೆ, ಆದರೆ ನೈಲಾನ್ ಹಗ್ಗವನ್ನೂ ಬೆಲ್ಟನ್ನೂ ಆಸಿಡ್ ದುರ್ಬಲಗೊಳಿಸುತ್ತದೆ ಮತ್ತು ಆ ಹಾನಿ ಹೊರಗೆ ಕಾಣಬೇಕೆಂದಿಲ್ಲ. ಆಸಿಡ್ ತಾಗಿದ ಹಗ್ಗವನ್ನು ಕತ್ತರಿಸಿ ಎಸೆಯಬೇಕು. ಇಡಿಯಾಗಿ ಬಿಟ್ಟರೆ ಯಾರೋ ಮತ್ತೆ ಬಳಸುತ್ತಾರೆ.

ಹಂತ 7: ಬೆಲ್ಟು ಹಾಕಿದರೆ ಮುಗಿಯಲಿಲ್ಲ

ಸೊಂಟಕ್ಕೆ ಮಾತ್ರ ಬಿಗಿಯುವ ಬೆಲ್ಟು ಬೀಳುವವನನ್ನು ಹಿಡಿಯಲು ತಕ್ಕುದಲ್ಲ, ತೊಡೆ ಮತ್ತು ಭುಜಗಳನ್ನು ಸುತ್ತುವ ಫುಲ್ ಬಾಡಿ ಹಾರ್ನೆಸ್ ಬೇಕು. ಅದನ್ನು ಆಧಾರಕ್ಕೆ ಸೇರಿಸುವ ಹಗ್ಗವಾದ ಲ್ಯಾನ್ಯಾರ್ಡಿನಲ್ಲಿ ಆಘಾತ ಹೀರುವ ಪೊಟ್ಟಣ ಇರಬೇಕು. ಬಿದ್ದಾಗ ಅದು ಹರಿದು ಬಿಚ್ಚಿಕೊಳ್ಳುತ್ತಾ ದೇಹಕ್ಕೆ ತಾಗುವ ಬಲವನ್ನು 6 ಕಿಲೋನ್ಯೂಟನ್ನಿನೊಳಗೆ, ಅಂದರೆ ಸುಮಾರು 600 ಕಿಲೋಗ್ರಾಂ ಭಾರದ ಎಳೆತದೊಳಗೆ, ಇಡುತ್ತದೆ. ಇದಕ್ಕೆ ಜಾಗ ಬೇಕು. ಲ್ಯಾನ್ಯಾರ್ಡಿನ ಉದ್ದ 2 ಮೀಟರ್, ಪೊಟ್ಟಣ ಬಿಚ್ಚಿಕೊಳ್ಳಲು 1.75 ಮೀಟರಿನವರೆಗೆ, ಹಾರ್ನೆಸಿನ ಕೊಂಡಿಯಿಂದ ಪಾದದವರೆಗೆ 1.5 ಮೀಟರ್, ಮೇಲೆ ಭದ್ರತೆಗೆ 1 ಮೀಟರ್ ಸೇರಿದರೆ ಆಧಾರಬಿಂದುವಿನ ಕೆಳಗೆ 6.25 ಮೀಟರ್ ತೆರವಿರಬೇಕು. ಮೊದಲ ಮಹಡಿಯ ಎತ್ತರದಲ್ಲಿ ಈ ಲ್ಯಾನ್ಯಾರ್ಡು ಹಾಕಿಕೊಂಡವನು ಅದು ಪೂರ್ತಿ ಹಿಡಿದು ನಿಲ್ಲಿಸುವ ಮೊದಲೇ ನೆಲ ಮುಟ್ಟಬಹುದು. ಕಡಿಮೆ ಎತ್ತರದಲ್ಲಿ ಕಟಕಟೆಯೇ ರಕ್ಷಣೆ, ಅಥವಾ ಅಂಚಿನವರೆಗೆ ಹೋಗಲೇ ಬಿಡದಷ್ಟು ಗಿಡ್ಡ ಹಗ್ಗ. ಕೊಂಡಿಯನ್ನು ಸಾಧ್ಯವಾದಷ್ಟು ತಲೆಗಿಂತ ಮೇಲೆ ಸಿಕ್ಕಿಸಬೇಕು, ಕಾಲ ಬಳಿ ಸಿಕ್ಕಿಸಿದರೆ ಬೀಳುವ ದೂರ ಇಮ್ಮಡಿಯಾಗುತ್ತದೆ. ಒಮ್ಮೆ ಬಿದ್ದವನನ್ನು ಹಿಡಿದ ಹಾರ್ನೆಸ್, ಲ್ಯಾನ್ಯಾರ್ಡುಗಳನ್ನು ಮತ್ತೆ ಬಳಸುವಂತಿಲ್ಲ.

ಹಂತ 8: ಕೆಳಗಿನ ನೆಲ, ಮೇಲಿನ ಆಕಾಶ

ಕೆಲಸ ನಡೆಯುವ ಮುಖದ ಕೆಳಗೆ ಹಗ್ಗ ಅಥವಾ ಬ್ಯಾರಿಕೇಡ್ ಕಟ್ಟಿ, ಒಬ್ಬ ಕಾವಲಿನವನನ್ನು ನಿಲ್ಲಿಸಿ. ಕಾರುಗಳನ್ನು ಹಿಂದಿನ ದಿನವೇ ತೆಗೆಸಿ. ಆ ಬದಿಯ ಮನೆಯವರು ಕಿಟಕಿ ತೆರೆಯದಂತೆ, ಬಾಲ್ಕನಿಯಿಂದ ಬಟ್ಟೆ ಒಣಹಾಕದಂತೆ, ಮಕ್ಕಳು ಲೈಫ್‌ಲೈನನ್ನು ಎಳೆಯದಂತೆ ತಿಳಿಸಬೇಕು. ತಾರಸಿಯ ಬಾಗಿಲಿಗೆ ಬೀಗ ಹಾಕಿ, ಅದರ ಕೀಲಿ ಮೇಲ್ವಿಚಾರಕನ ಬಳಿ ಮಾತ್ರ ಇರಲಿ.

ಝಡ್‌ಎಲ್‌ಪಿ ಮಾದರಿಗೆ ತಯಾರಕರು ಕೊಡುವ ಗಾಳಿಯ ಮಿತಿ ಸೆಕೆಂಡಿಗೆ 8.3 ಮೀಟರ್, ಅಂದರೆ ಗಂಟೆಗೆ ಸುಮಾರು 30 ಕಿಲೋಮೀಟರ್. ಸಾವಿರ ರೂಪಾಯಿಯ ಆಸುಪಾಸಿನ ಗಾಳಿಮಾಪಕ ಯಂತ್ರವನ್ನು ತಾರಸಿಯಲ್ಲಿ ಇಟ್ಟುಕೊಂಡರೆ ವಾದಕ್ಕೆ ಎಡೆಯಿರುವುದಿಲ್ಲ. ಬೆಂಗಳೂರು, ಮೈಸೂರಿನ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಂತರ ಗುಡುಗು ಗಾಳಿ ಹತ್ತು ನಿಮಿಷದಲ್ಲಿ ಎದ್ದು ಬರುವುದುಂಟು. ಆ ತಿಂಗಳುಗಳಲ್ಲಿ ತೂಗುವ ಕೆಲಸವನ್ನು ಬೆಳಗಿನ ಹೊತ್ತಿಗೇ ಮುಗಿಸುವುದು ಕ್ಷೇಮ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಕೆಲಸ ಹಿಡಿಯದಿರುವುದೇ ಸರಿ.

ಹಂತ 9: ಇಳಿಸುವ ಯೋಜನೆ

ಹಾರ್ನೆಸ್ ಹಿಡಿದ ಮೇಲೆ ಮನುಷ್ಯ ನೇತಾಡುತ್ತಾನೆ. ಅಲುಗಾಡದೆ ನೇತಾಡುವವನ ಕಾಲುಗಳಲ್ಲಿ ರಕ್ತ ನಿಂತು, ಪ್ರಜ್ಞೆ ತಪ್ಪಿ, ನಿಮಿಷಗಳ ಲೆಕ್ಕದಲ್ಲಿ ಪ್ರಾಣಕ್ಕೆ ಅಪಾಯವಾಗಬಹುದು. ಆದ್ದರಿಂದ 112ಕ್ಕೆ ಕರೆ ಮಾಡುವುದು ಯೋಜನೆಯ ಒಂದು ಭಾಗ ಮಾತ್ರ. ಅವರು ಬರುವ ಮೊದಲೇ ಕೆಳಗಿಳಿಸುವ ಸಾಧನ ಮತ್ತು ಅದನ್ನು ಬಳಸಬಲ್ಲ ಜನ ತಾರಸಿಯಲ್ಲೇ ಇರಬೇಕು. ಯಾರು ಹಗ್ಗ ಬಿಡುತ್ತಾರೆ, ಯಾವ ಬಾಲ್ಕನಿಯ ಮೂಲಕ ಒಳಗೆ ಎಳೆದುಕೊಳ್ಳಬಹುದು, ಆ ಮನೆಯ ಕೀಲಿ ಎಲ್ಲಿದೆ ಎಂಬುದನ್ನು ಬರೆದಿಟ್ಟು, ಕೆಲಸ ಆರಂಭಿಸುವ ಮೊದಲ ಬೆಳಿಗ್ಗೆ ಮರಳಿನ ಚೀಲವನ್ನು ನೇತುಹಾಕಿ ಒಮ್ಮೆ ಇಳಿಸಿ ತೋರಿಸುವಂತೆ ಗುತ್ತಿಗೆದಾರನನ್ನು ಕೇಳಿ. ತೋರಿಸಲಾಗದವನಿಗೆ ಆ ದಿನ ಕೆಲಸ ಆರಂಭಿಸಲು ಬಿಡಬೇಡಿ.

ಕೆಲಸ ಮುಗಿದು ಸಾಮಾನು ಇಳಿಸುವಾಗ ಒಂದು ಖರ್ಚಿನ ಬಗ್ಗೆ ಸಂಘದ ಸಭೆಯಲ್ಲಿ ಚರ್ಚಿಸುವುದು ಸೂಕ್ತ. ತಾರಸಿಯ ಸುತ್ತ ತುಕ್ಕುಹಿಡಿಯದ ಉಕ್ಕಿನ ಶಾಶ್ವತ ಆಂಕರುಗಳನ್ನು ಎಂಜಿನಿಯರರ ವಿನ್ಯಾಸದಂತೆ ಕೂರಿಸಿ, ಎಳೆತ ಪರೀಕ್ಷೆ ಮಾಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಮತ್ತು ಪರೀಕ್ಷೆಯ ದಿನಾಂಕದ ಫಲಕ ಹಾಕಿಸಿದರೆ, ಬಣ್ಣಕ್ಕೆ ಮಾತ್ರವಲ್ಲದೆ ನಡುವೆ ಬರುವ ಪ್ಲಂಬರಿಗೂ ಗಾಜು ತೊಳೆಯುವವರಿಗೂ ಅವು ಒದಗುತ್ತವೆ. ಜಲನಿರೋಧಕ ಪದರವನ್ನು ಹೊಸದಾಗಿ ಹಾಕಿಸುವ ಯೋಚನೆಯಿದ್ದರೆ ಆಂಕರುಗಳನ್ನು ಅದಕ್ಕಿಂತ ಮೊದಲೇ ಕೂರಿಸಿ, ನಂತರ ಕೂರಿಸಿದರೆ ಪ್ರತಿ ರಂಧ್ರದಿಂದಲೂ ಮೇಲಿನ ಮಹಡಿಗೆ ಮಳೆ ನೀರು ಇಳಿಯುವ ಸಾಧ್ಯತೆಯಿದೆ.